ತಮೀಸ್ತಾಳ ಮೇಣದ ಪಚ್ಚೆ

ನೈಲ್ ನದಿಯಿಂದ ಹೊರಟ ಕಾಲುವೆ ನಮ್ಮ ಕರಾನಿಸ್ ಊರನ್ನು ಮುಟ್ಟುವಷ್ಟರಲ್ಲಿ ಅರ್ಧ ಕೆಸರಾಗಿರುತ್ತದೆ. ಅಲೆಕ್ಸಾಂಡ್ರಿಯಾದಿಂದ ಹೊರಟ ಹೊಸ ಷೋಕಿಗಳ ಗತಿಯೂ ಅದೇ. ರೋಮಿನ ಸೀಸರನ ಹೆಂಡತಿ ತುರುಬು ಹೇಗೆ ಕಟ್ಟುತ್ತಾಳೆ ಎನ್ನುವುದು ನಮ್ಮೂರ ಹೆಂಗಸರಿಗೆ ತಿಳಿಯುವುದು ನಾಣ್ಯದ ಮೇಲಿನ ಮುಖದಿಂದ. ಆ ನಾಣ್ಯ ಹತ್ತೂರ ಸಂತೆ ಸುತ್ತಿ, ಮೂಗು ಸವೆಸಿಕೊಂಡು ಇಲ್ಲಿಗೆ ಬರುವ ಹೊತ್ತಿಗೆ ರಾಣಿ ತುರುಬನ್ನು ಬದಲಾಯಿಸಿರುತ್ತಾಳೆ, ಇಲ್ಲವೇ ಸೀಸರ್ ರಾಣಿಯನ್ನೇ ಬದಲಾಯಿಸಿರುತ್ತಾನೆ. ಆದರೂ ತಮೀಸ್ತಾ ಮಾತ್ರ ಕೈಗೆ ಬಂದ ನಾಣ್ಯವನ್ನು ಖರ್ಚು ಮಾಡುವ ಮೊದಲು ಅದರ ತುರುಬನ್ನು ತನ್ನ ತಲೆಗೆ ಇಳಿಸಿಕೊಳ್ಳದೆ ಬಿಡುತ್ತಿರಲಿಲ್ಲ.

ತಮೀಸ್ತಾ ಎಂದರೆ ಸತಾಬೂಸನ ಹೆಂಡತಿ. ಸತಾಬೂಸ್ ಸರ್ಕಾರಿ ಕಣಜದಲ್ಲಿ ಗೋಧಿ ಅಳೆಯುವವನು. ಬೆಳಗ್ಗೆ ಹೋಗಿ ಕೊಳಗದಲ್ಲಿ ಅಳೆದು, ಸಂಜೆ ಬಂದು ಮೈಮೇಲಿನ ಧೂಳು ಕೊಡವಿ, ಬೇಳೆಸಾರಿಗೆ ರೊಟ್ಟಿ ಮುರಿದು ಹಾಕಿಕೊಂಡು ತಿನ್ನುವ ಮನುಷ್ಯ. ಅವನ ಹೆಂಡತಿಯ ಬಾಯಲ್ಲಿ ಮಾತ್ರ ಅದು ಬೇರೆಯೇ ಕೆಲಸವಾಗುತ್ತಿತ್ತು. "ರೋಮಿಗೆ ಹೋಗೋ ಗೋಧಿಯೆಲ್ಲ ನಮ್ಮವರ ಕೈ ಮೇಲೇ ಹೋಗಬೇಕು. ನಮ್ಮವರು ಒಂದು ದಿನ ಮಲಗಿದರೆ ಸೀಸರನ ಮನೆ ಒಲೆ ಹತ್ತಲ್ಲ" ಎನ್ನುತ್ತಿದ್ದಳು. ಸತಾಬೂಸ್ ಒಂದು ಸಲ ಸೊಂಟ ಹಿಡಿದು ಇಡೀ ಸುಗ್ಗಿ ಮಲಗಿದ್ದ. ಸೀಸರ್ ಬಡವಾದ ಸುದ್ದಿಯೇನೂ ಬರಲಿಲ್ಲ.

ಅವಳ ಹತ್ತಿರ ನಿಜವಾಗಿ ಇದ್ದ ಬಂಗಾರವೆಂದರೆ ಒಂದು ಜೊತೆ ಓಲೆ. ಗೋಧಿ ಹುಲ್ಲಿನಷ್ಟು ತೆಳ್ಳಗಿನ ಕಡ್ಡಿ, ತುದಿಗೊಂದು ಮುತ್ತು. ಎಡಗಿವಿಯ ಮುತ್ತು ಬಟ್ಟೆ ಒಗೆಯುವಾಗ ಕಾಲುವೆಗೆ ಬಿದ್ದುಹೋಗಿ, ಅಕ್ಕಸಾಲಿ ಪೇಟೋಸ್ ಅಲ್ಲಿಗೆ ಬಿಳಿ ಗಾಜಿನ ಮಣಿ ಕೂರಿಸಿಕೊಟ್ಟಿದ್ದ. ಅಂದಿನಿಂದ ತಮೀಸ್ತಾ ಯಾರ ಜೊತೆ ಮಾತಾಡಬೇಕಾದರೂ ಬಲಗಿವಿಯನ್ನು ಮುಂದೆ ಮಾಡಿಯೇ ಕೂರುತ್ತಿದ್ದಳು. ಹೊಸಬರು, ಪಾಪ, ಈಯಮ್ಮನಿಗೆ ಎಡಗಿವಿ ಕೇಳಿಸುವುದಿಲ್ಲವೇನೋ ಎಂದುಕೊಂಡು ಜೋರಾಗಿ ಮಾತಾಡುತ್ತಿದ್ದರು.

ನಮ್ಮೂರಲ್ಲಿ ಸ್ವಲ್ಪ ಅನುಕೂಲ ಇದ್ದವರೆಲ್ಲ ನಡುವಯಸ್ಸಿಗೆ ಬಂದ ಮೇಲೆ ತೆಳ್ಳಗಿನ ಹಲಗೆಯ ಮೇಲೆ ತಮ್ಮ ಮುಖ ಬರೆಸಿಕೊಳ್ಳುತ್ತಾರೆ. ಬದುಕಿರುವಷ್ಟು ದಿನ ಅದು ಗೋಡೆಯ ಮೇಲಿರುತ್ತದೆ. ಸತ್ತ ಮೇಲೆ ದೇಹಕ್ಕೆ ಉಪ್ಪು, ರಾಳ ತುಂಬಿ ನಾರುಬಟ್ಟೆ ಸುತ್ತುತ್ತಾರಲ್ಲ, ಆಗ ಹಲಗೆಯನ್ನು ಮುಖದ ಜಾಗದಲ್ಲಿಟ್ಟು ಸುತ್ತು ಬಿಗಿಯುತ್ತಾರೆ. ಮೇಲಿನ ಲೋಕದ ಬಾಗಿಲಲ್ಲಿ ದೇವರುಗಳಿಗೆ ಗುರುತು ಸಿಗಬೇಕು ಎನ್ನುವುದು ಶಾಸ್ತ್ರ. ಪಕ್ಕದ ಮನೆಯವರಿಗೂ ಕಾಣಬೇಕು ಎನ್ನುವುದು ರೂಢಿ. ಪಕ್ಕದ ಮನೆಯಾಕೆ ಕೆಂಪು ಹರಳಿನ ಸರ ಹಾಕಿಕೊಂಡಂತೆ ಬರೆಸಿಕೊಂಡ ವಾರವೇ ತಮೀಸ್ತಾ ಚಿತ್ರಗಾರ ಹೆರೋನನಿಗೆ ಹೇಳಿಕಳಿಸಿದಳು.

ಹೆರೋನ್ ಕೆಂಡದ ಮೇಲೆ ಜೇನುಮೇಣ ಕರಗಿಸಿ, ಬಣ್ಣ ಕಲಸಿ, ಮುಖ ಮುಗಿಸಿದ. ನಾಣ್ಯದ ತುರುಬೂ ಕೂತಿತು.

"ಕೊರಳಿಗೆ ಏನು ಬರೀಲಿ ಅಮ್ಮಾವ್ರೇ?"

"ಪಚ್ಚೆಯ ಸರ."

"ತೋರ್ಸಿ, ನೋಡ್ಕೊಂಡು ಬರೀತೀನಿ."

"ಯಾಕೆ, ಪಚ್ಚೆ ಹೆಂಗಿರುತ್ತೆ ಅಂತ ಗೊತ್ತಿಲ್ವಾ ನಿನಗೆ?"

"ನನಗೆ ಗೊತ್ತು. ನಿಮಗೆ ಗೊತ್ತಾ ಅಂತ ಕೇಳ್ದೆ."

ಮೂಲೆಯಲ್ಲಿ ನೂಲು ತೆಗೆಯುತ್ತ ಕೂತಿದ್ದ ಅತ್ತೆ ಇಸಾರಿಯೋನ್ ಕದಿರು ನಿಲ್ಲಿಸದೆಯೇ ಅಂದಳು: "ಅವಳಿಗೆ ಹೆಂಗೆ ಗೊತ್ತಿರುತ್ತಪ್ಪಾ? ಈ ಮನೇಲಿ ಹಸಿರು ಅಂತ ಇರೋದು ಸೌತೆಕಾಯಿ ಒಂದೇ."

"ನೀವು ಸುಮ್ನಿರಿ ಅತ್ತೆ. ನೀನು ಬರಿಯಪ್ಪಾ."

ಹೆರೋನ್ ಬರೆದ. ಕೆಟ್ಟ ಕೈಯಲ್ಲ ಅವನದು. ಹೆಣೆದ ಬಂಗಾರದ ಎಳೆ. ಅದರಲ್ಲಿ ಚೌಕ ಚೌಕ ಪಚ್ಚೆ, ಒಂದೊಂದಕ್ಕೂ ಬಂಗಾರದ ಕಟ್ಟು. ಪಚ್ಚೆ ಪಚ್ಚೆಯ ನಡುವೆ ಮುತ್ತು. ಎದೆಯ ಮೇಲೆ ಮೊಟ್ಟೆಯಾಕಾರದ ನೇರಳೆ ಹರಳು, ಅದರ ಕೆಳಗೆ ತೂಗುವ ಮುತ್ತುಗಳು. ಬಂಗಾರದ ಜಾಗಕ್ಕೆಲ್ಲ ನಿಜವಾದ ಚಿನ್ನದ ರೇಕನ್ನೇ ಅಂಟಿಸಿದ. ಹರಳುಗಳ ಮೂಲೆಗೆ ಬಿಳಿಯ ಚುಕ್ಕಿಯಿಟ್ಟಾಗ ಅವು ಬೆಳಕಿಗೆ ಕಣ್ಣು ಮಿಟುಕಿಸಿದವು. ಎಡಗಿವಿಯ ಗಾಜು ಕೂಡ ಮುತ್ತಾಯಿತು. ತಮೀಸ್ತಾ ಅದನ್ನು ಬಾಗಿಲಿಗೆ ಎದುರಾಗಿ, ಒಳಗೆ ಬಂದವರ ಹಣೆಗೆ ಬಡಿಯುವಷ್ಟು ಕೆಳಕ್ಕೆ ತೂಗಹಾಕಿದಳು.

ಮಗ ಬಲವಂತ ಮಾಡಿದನೆಂದು ಅತ್ತೆಯೂ ಬರೆಸಿಕೊಂಡಳು. ಕೊರಳಿಗೆ ಏನು ಎಂದು ಕೇಳಿದ್ದಕ್ಕೆ, "ಇದ್ದದ್ದನ್ನ ಬರಿ. ದೇವರ ಮುಂದೆ ಹೋಗಿ ನಿಂತಾಗ ಅವನು 'ಎಲ್ಲಮ್ಮಾ ಸರ?' ಅಂದ್ರೆ ಏನು ಹೇಳ್ಲಿ?" ಎಂದಳು. ಹಾಗಾಗಿ ಅವಳ ಹಲಗೆಯಲ್ಲಿ ಬೋಳು ಕೊರಳು, ಕರಿದಾರ, ದಾರದಲ್ಲಿ ಮಣ್ಣಿನದೊಂದು ಪುಟ್ಟ ಮೊಸಳೆ, ನಮ್ಮೂರ ದೇವರದು. ಮರುವರ್ಷ ಕಾಲುವೆಗೆ ಹೊಸ ನೀರು ಬರುವಾಗ ಇಸಾರಿಯೋನ್ ತೀರಿಕೊಂಡಳು. ಒಬ್ಬರಿಗಾಗಿ ಗೋರಿ ತೋಡಿಸುವುದೇಕೆ, ಮನೆತನದಲ್ಲಿ ಇನ್ನೊಬ್ಬರಿಬ್ಬರು ಜೊತೆಯಾಗಲಿ ಎಂದು ಎಲ್ಲರ ಹಾಗೆ ಇವರೂ ಕಾದರು. ಸುತ್ತಿದ ಮಮ್ಮಿಯನ್ನು ನಡುಮನೆಯ ಗೋಡೆಗೆ ಒರಗಿಸಿ ನಿಲ್ಲಿಸಿದರು. ನಿಲ್ಲಿಸಿದ ಜಾಗ ಸರಿಯಾಗಿ ಸೊಸೆಯ ಚಿತ್ರಕ್ಕೆ ಎದುರು. ಅತ್ತೆ ಬದುಕಿದ್ದಾಗ ಕಣ್ಣನ್ನಾದರೂ ಮುಚ್ಚುತ್ತಿದ್ದಳು. ಈಗ ಹೆರೋನ್ ಬರೆದ ಕಣ್ಣು ಹಗಲೆಲ್ಲ ಆ ಪಚ್ಚೆಯ ಸರವನ್ನೇ ನೋಡುತ್ತಿತ್ತು. ಸತಾಬೂಸ್ ಮಾತ್ರ ಸಂಜೆ ಬಂದವನು ಅಮ್ಮನ ಪಕ್ಕ ಕೂತು, ಅಂದು ಯಾರ ಗೋಧಿಯಲ್ಲಿ ಎಷ್ಟು ಕಲ್ಲಿತ್ತು ಎಂದು ಹೇಳಿ, ಹಗುರಾಗಿ ಎದ್ದು ಹೋಗುತ್ತಿದ್ದ.

ಈ ಮನೆಗೆ ಹೆಣ್ಣು ನೋಡಲು ವಲೇರಿಯಾ ಬಂದಳು.

ಮಗಳು ಸಿಂಥೋನಿಸ್ ಮತ್ತು ವಲೇರಿಯಾಳ ಮಗ ಗೆಮೆಲ್ಲಸ್ ಒಬ್ಬರನ್ನೊಬ್ಬರು ಎಣ್ಣೆಗಾಣದ ಹತ್ತಿರ ಆಗಲೇ ಸಾಕಷ್ಟು ನೋಡಿಕೊಂಡಿದ್ದರು. ಗಾಣ ಅವರದೇ. ಇವರ ಮನೆಯಲ್ಲಿ ಆ ವರ್ಷ ಎಣ್ಣೆ ಎಷ್ಟು ಬೇಗ ಮುಗಿಯುತ್ತಿತ್ತು ಎಂದರೆ, ಸಿಂಥೋನಿಸ್ ಅದನ್ನು ಹಿತ್ತಲಿಗೆ ಸುರಿಯುತ್ತಿದ್ದಾಳೇನೋ ಎಂದು ಸತಾಬೂಸನಿಗೆ ಅನುಮಾನ ಬಂದಿತ್ತು. ಹುಡುಗ ಸಾಧು. ಆದರೆ ಹುಡುಗನ ತಾಯಿ ಬೇರೆ ಜಾತಿಯ ಪ್ರಾಣಿ. ಅವಳ ಅಪ್ಪ ರೋಮಿನ ದಂಡಿನಲ್ಲಿದ್ದು, ಪೂರ್ವದ ಮರಳುಗಾಡಿನ ಪಚ್ಚೆಯ ಗಣಿಗೆ ಕಾವಲಿದ್ದು, ಕೊನೆಗೆ ರೋಮಿನ ಪೌರನೆಂಬ ಬಿರುದು ಹೊತ್ತು ಊರಿಗೆ ಬಂದವನು. ವಲೇರಿಯಾ ಆ ಬಿರುದನ್ನು ಮೀನಂಗಡಿಯಲ್ಲೂ ಇಳಿಸುತ್ತಿರಲಿಲ್ಲ.

ಒಳಗೆ ಕಾಲಿಟ್ಟವಳ ಹಣೆಗೆ ಚಿತ್ರ ತಾಗಿತು. ಅಲ್ಲೇ ನಿಂತಳು.

"ಇದು ಗಣಿಯ ಪಚ್ಚೆ ತಾನೇ?"

"ಹೂಂ ಮತ್ತೆ" ಎಂದಳು ತಮೀಸ್ತಾ, ಬಲಗಿವಿ ಮುಂದೆ ಮಾಡಿ.

"ಸರ ಈಗ ಎಲ್ಲಿದೆ?"

"ಪೆಟ್ಟಿಗೇಲಿ. ಎಲ್ಲಿರುತ್ತೆ? ದಿನಾ ಹಾಕ್ಕೊಂಡ್ರೆ ಕುತ್ತಿಗೆ ನೋವು ಬರುತ್ತೆ ನೋಡಿ."

ವಲೇರಿಯಾ ಹುಡುಗಿಯ ಮುಖವನ್ನು ಸರಿಯಾಗಿ ನೋಡಲೂ ಇಲ್ಲ. ಖರ್ಜೂರ ಬಾಯಿಗೆ ಹಾಕಿಕೊಂಡಳು, ಬೀಜ ಉಗುಳಿದಳು, ಮಾತು ಮುಗಿಸಿದಳು. "ನಮಗೆ ಬೇರೇನೂ ಬೇಡ. ಹುಡುಗಿ ಆ ಸರ ಹಾಕ್ಕೊಂಡು ನಮ್ಮ ಹೊಸಲು ದಾಟಿದರೆ ಸಾಕು. ನಿಶ್ಚಯದ ದಿನ ಒಂದ್ಸಲ ನಾಲಗೆಗೆ ಇಟ್ಟು ನೋಡ್ತೀನಿ. ಬೇಜಾರು ಮಾಡ್ಕೋಬೇಡಿ ಬೀಗಿತ್ತೇರೆ, ನಮ್ಮಪ್ಪ ಹೇಳ್ಕೊಟ್ಟಿದ್ದು. ಗಾಜು ಬಾಯಲ್ಲಿ ಬಿಸಿಯಾಗುತ್ತೆ, ಪಚ್ಚೆ ತಣ್ಣಗೇ ಇರುತ್ತೆ."

ಅವಳು ಹೋದ ಮೇಲೆ ಮನೆಯೂ ತಣ್ಣಗಾಯಿತು.

"ಯಾವ ಸರ?" ಎಂದ ಸತಾಬೂಸ್.

"ಎದುರಿಗೆ ಕಾಣ್ತಿಲ್ವಾ?"

"ಅದು ಮೇಣ ಕಣೇ."

"ಅಮ್ಮ," ಎಂದಳು ಸಿಂಥೋನಿಸ್, "ಇದೊಂದು ಮದುವೆ ತಪ್ಪಿತು ಅಂದ್ರೆ ನಾನು ಮೊಸಳೆ ದೇವಸ್ಥಾನದಲ್ಲಿ ಕಸ ಗುಡಿಸ್ಕೊಂಡು ಇರ್ತೀನಿ, ಹೇಳಿದೀನಿ. ಇವತ್ತೇ ಹೋಗಿ ಸರ ಇಲ್ಲ ಅಂದ್ಬಿಡು."

"ಇಲ್ಲ ಅಂತ ಹೆಂಗೆ ಹೇಳಲಿ? ಊರೆಲ್ಲ ನೋಡಿದೆ!"

ಸತ್ಯ ಹೇಳುವುದೊಂದನ್ನು ಬಿಟ್ಟು ಉಳಿದೆಲ್ಲ ದಾರಿಗಳನ್ನೂ ತಮೀಸ್ತಾ ಹುಡುಕಿದಳು. ಅಕ್ಕಸಾಲಿ ಪೇಟೋಸ್, "ತಾಮ್ರಕ್ಕೆ ಬಂಗಾರದ ನೀರು ಕೊಟ್ಟು ಹಸಿರು ಗಾಜು ಕೂರಿಸ್ತೀನಿ, ಹತ್ತು ಹೆಜ್ಜೆ ದೂರದಿಂದ ಯಾರಿಗೂ ಗೊತ್ತಾಗಲ್ಲ" ಎಂದ. ವಲೇರಿಯಾಳ ನಾಲಗೆ ಎಷ್ಟೇ ಉದ್ದವಿದ್ದರೂ ಹತ್ತು ಹೆಜ್ಜೆ ದೂರದಿಂದ ಪರೀಕ್ಷೆ ಮಾಡುವಷ್ಟು ಇರಲಿಲ್ಲ; ಅವಳು ಹತ್ತಿರ ಬಂದೇ ಬರುತ್ತಾಳೆ. ಅಲ್ಲಿಂದ ಹೆರೋನನ ಹತ್ತಿರ ಹೋದಳು.

"ಇದೆಲ್ಲ ನಿನ್ನಿಂದ ಆದದ್ದು."

"ನಾನು ಸೌತೆಕಾಯಿ ಬರೀತೀನಿ ಅಂದಿದ್ರೆ ನೀವು ಬಿಡ್ತಿದ್ರಾ ಅಮ್ಮಾವ್ರೇ?"

"ತಮಾಷೆ ಸಾಕು. ಏನಾದ್ರೂ ಉಪಾಯ ಹೇಳು."

"ಮೇಲೆ ಒಂದು ಶಾಲು ಬರೆದುಬಿಡ್ತೀನಿ. ಚಳಿ ಅಂತ ಹೊದ್ಕೊಂಡ ಹಾಗಿರುತ್ತೆ."

"ಕರಾನಿಸ್‌ನಲ್ಲಿ ಚಳಿ! ನಿನ್ನ ತಲೆ."

ನಿಶ್ಚಯದ ದಿನ ಬಂದೇ ಬಂತು. ಪಾರಿವಾಳ ಹುರಿದಿದ್ದರು, ಬಾರ್ಲಿಯ ಬಿಯರು ತುಂಬಿದ್ದರು. ವಲೇರಿಯಾ ಬಂದವಳೇ ಬಿಯರನ್ನು ಪಕ್ಕಕ್ಕೆ ಸರಿಸಿ ನೀರಿನಿಂದ ಬಾಯಿ ಮುಕ್ಕಳಿಸಿದಳು. ನಾಲಗೆ ಚೊಕ್ಕಟವಾಗಿರಬೇಕಲ್ಲ.

"ತನ್ನಿ ಬೀಗಿತ್ತೇರೆ."

ತಮೀಸ್ತಾ ಮೇಲೆದ್ದಳು. ಪೆಟ್ಟಿಗೆಯ ಕಡೆಗೆ ಹೆಜ್ಜೆಯಿಟ್ಟಳು. ಪೆಟ್ಟಿಗೆಯಲ್ಲಿ ಹಳೆಯ ನಾರುಬಟ್ಟೆ, ಕಾಡಿಗೆ ಡಬ್ಬಿ, ಹಲ್ಲು ಮುರಿದ ಬಾಚಣಿಗೆ ಬಿಟ್ಟರೆ ಬೇರೇನೂ ಇರಲಿಲ್ಲ. ಸಿಂಥೋನಿಸ್ ಅಮ್ಮನನ್ನೇ ನೋಡುತ್ತಿದ್ದಳು. ಗೆಮೆಲ್ಲಸ್ ಸಿಂಥೋನಿಸಳನ್ನು ನೋಡುತ್ತಿದ್ದ. ಗೋಡೆಗೊರಗಿದ ಅತ್ತೆ ಎಲ್ಲರನ್ನೂ ನೋಡುತ್ತಿದ್ದಳು. ಅತ್ತೆಯ ಕಣ್ಣಿಗೆ ಕಣ್ಣು ಸೇರಿದ್ದೇ ತಡ, ತಮೀಸ್ತಾ ಧಡಾರನೆ ನೆಲಕ್ಕೆ ಕೂತು ಅಳತೊಡಗಿದಳು.

"ಹೆಂಗೆ ತರ್ಲಿ ಬೀಗಿತ್ತೇರೆ? ಅದು ಅತ್ತೆಯ ಕೊರಳಲ್ಲಿದೆ!"

ವಲೇರಿಯಾ ತಿರುಗಿ ನೋಡಿದಳು. "ಬೋಳು ಕೊರಳಲ್ವಾ ಅದು?"

"ಅದು ಮೊದಲು ಬರೆಸಿದ್ದು. ಬದುಕಿರೋವಷ್ಟು ದಿನವೂ ನನ್ನ ಸರದ ಮೇಲೆ ಕಣ್ಣು ಅವರಿಗೆ. ಪ್ರಾಣ ಹೋಗೋ ಹೊತ್ತಲ್ಲಿ ಕೈ ಹಿಡ್ಕೊಂಡು, 'ತಮೀಸ್ತಾ, ಒಂದೇ ಒಂದು ಸಲ ಹಾಕ್ಕೊಂಡು ಹೋಗ್ತೀನಿ' ಅಂದ್ರು. ಸಾಯೋರಿಗೆ ಇಲ್ಲ ಅನ್ನೋಕಾಗುತ್ತಾ? ನನ್ನ ಕೈಯಾರೆ ಹಾಕಿ ಬಟ್ಟೆ ಸುತ್ತಿಸ್ದೆ. ಅವತ್ತು ನಿಮ್ಮ ಮುಂದೆ ಹೇಳೋಕೆ ಬಾಯಿ ಬರದೆ ಪೆಟ್ಟಿಗೆ ಅಂದೆ."

ಸತಾಬೂಸ್ ಬಾಯಿ ತೆರೆದ. ತನ್ನ ತಾಯಿ ಬದುಕಿನಲ್ಲಿ ಯಾರ ಹತ್ತಿರವೂ ಒಂದು ಸೂಜಿಯನ್ನೂ ಕೇಳಿದವಳಲ್ಲ. ಅವನು ಮಗಳ ಮುಖ ನೋಡಿದ. ಬಾಯಿ ಮುಚ್ಚಿದ.

ವಲೇರಿಯಾ ಎದ್ದುಹೋಗಿ ಇಸಾರಿಯೋನಳ ಚಿತ್ರದ ಕಣ್ಣುಗಳನ್ನು ಹತ್ತಿರದಿಂದ ನೋಡಿದಳು. "ನಿಜ. ಆಸೆ ಇರೋ ಕಣ್ಣು. ನೋಡಿದ ಕೂಡ್ಲೇ ಗೊತ್ತಾಗುತ್ತೆ" ಎಂದಳು.

ತಮೀಸ್ತಾ ಕಣ್ಣೊರೆಸಿಕೊಂಡಳು. ಸುತ್ತಿದ ಹೆಣವನ್ನು ಬಿಚ್ಚುವ ಮಾತನ್ನು ನಮ್ಮಲ್ಲಿ ಯಾರೂ ಆಡುವುದಿಲ್ಲ. ಕದಿಯಲು ಬಂದ ಕಳ್ಳ ಕೂಡ ಮೊದಲು ದೇವರ ಹತ್ತಿರ ಕ್ಷಮೆ ಕೇಳಿಕೊಳ್ಳುತ್ತಾನೆ. ಮದುವೆಯೂ ಉಳಿಯಿತು, ಮಾನವೂ ಉಳಿಯಿತು ಎಂದುಕೊಂಡಳು.

ಆದರೆ ನಮ್ಮಲ್ಲಿ ಇನ್ನೊಂದು ಪದ್ಧತಿಯೂ ಇದೆ. ತೀರಾ ಕೈ ಬರಿದಾದಾಗ ಜನ ಅಪ್ಪನನ್ನೋ ಅಮ್ಮನನ್ನೋ, ಅಂದರೆ ಸುತ್ತಿಟ್ಟ ಅಪ್ಪ ಅಮ್ಮನನ್ನು, ಇನ್ನೊಬ್ಬರ ಮನೆಯಲ್ಲಿ ಅಡವು ನಿಲ್ಲಿಸುವುದುಂಟು. ವಲೇರಿಯಾಳಿಗೆ ಅದು ಆ ಕ್ಷಣದಲ್ಲೇ ನೆನಪಾಗಬೇಕೇ!

"ಹಂಗಾದ್ರೆ ಸರ ಎಲ್ಲಿದೆಯೋ ಅಲ್ಲೇ ಇರಲಿ. ನಾವೇನು ಬಿಚ್ಚೋದಿಲ್ಲ. ಅತ್ತೆಯವರೇ ನಮ್ಮನೆಗೆ ಬರಲಿ."

"ನಮ್ಮಮ್ಮನ್ನಾ?" ಎಂದ ಸತಾಬೂಸ್. ಆ ದಿನ ಅವನು ಆಡಿದ ಮೊದಲ ಮಾತು. "ಅಡವಿಟ್ಟ ತಾಯೀನ ಬಿಡಿಸ್ಕೊಳ್ಳದೆ ಸತ್ತರೆ ನನಗೆ ಗೋರಿ ಕೊಡೋರಿಲ್ಲ ತಾಯಿ."

"ಅಡವು ಅಂತ ಯಾರಂದ್ರು? ಬಳುವಳಿ. ಹುಡುಗಿ ಜೊತೆ ಸರ ಬರಬೇಕಿತ್ತು, ಸರದ ಜೊತೆ ಅಜ್ಜಿ ಬರ್ತಾರೆ. ನಮ್ಮನೆ ಗೋರಿಲೇ ಜಾಗ ಕೊಡ್ತೀವಿ. ರೋಮಿನ ಪೌರರ ಗೋರಿ, ನೆನಪಿರಲಿ."

ಸತಾಬೂಸ್ ಅಮ್ಮನನ್ನು ನೋಡಿದ, ಮಗಳನ್ನು ನೋಡಿದ. ಸಿಂಥೋನಿಸ್ ಹತ್ತಿರ ಬಂದು ಮೆಲ್ಲಗೆ, "ಅಪ್ಪ, ನಾನಿರ್ತೀನಲ್ಲ, ಅಜ್ಜೀನ ನೋಡ್ಕೋತೀನಿ" ಎಂದಳು. ಅವನು ತಲೆಯಾಡಿಸಿದ. ಆಮೇಲೆ ಹೆಂಡತಿಯ ಕಡೆ ಒಂದು ನೋಟ ನೋಡಿದ. ಗೋಧಿಯಲ್ಲಿ ಕಲ್ಲು ಸಿಕ್ಕಾಗ ನೋಡುವ ನೋಟ ಅದು.

ಮದುವೆಯ ಮೆರವಣಿಗೆಯನ್ನು ಊರು ಇನ್ನೂ ಮರೆತಿಲ್ಲ. ಮುಂದೆ ಕೊಳಲಿನವರು, ಆಮೇಲೆ ಹೆಣ್ಣು ಗಂಡು, ಆಮೇಲೆ ಕತ್ತೆಯ ಮೇಲೆ ಅಡ್ಡ ಮಲಗಿ, ಆಕಾಶ ನೋಡುತ್ತ, ಇಸಾರಿಯೋನ್. ಬೀದಿಯ ತಿರುವಿನಲ್ಲಿ ಅವಳ ಕಾಲು ಒಬ್ಬರ ಗೋಡೆಗೂ ತಲೆ ಇನ್ನೊಬ್ಬರ ಗೋಡೆಗೂ ಸಿಕ್ಕಿಕೊಂಡು, ದಿಬ್ಬಣ ನಿಂತೇಬಿಟ್ಟಿತು. "ಮುದುಕಿಗೆ ಹೋಗೋಕೆ ಮನಸ್ಸಿಲ್ಲ" ಎಂದರು ಕೆಲವರು. "ಪಚ್ಚೆಯ ಭಾರ ಕಣ್ರೋ" ಎಂದರು ಉಳಿದವರು. ಇಸಾರಿಯೋನ್ ಬದುಕಿದ್ದಾಗ ಹಾದಿಯಲ್ಲಿ ಕಂಡರೂ ಮಾತಾಡಿಸದಿದ್ದವರು ಅಂದು ಅವಳಿಗೆ ಕೈ ಮುಗಿದರು. ಸುಳ್ಳು ಸರ ಹಾಕಿಕೊಳ್ಳುವುದಿಲ್ಲ ಎಂದ ಒಂದೇ ಒಂದು ಕೊರಳಿಗೆ ಊರಿನ ಅತಿ ದೊಡ್ಡ ಸುಳ್ಳು ಬಿದ್ದಿತ್ತು.

ಅದಾದ ಮೇಲೆ ವಲೇರಿಯಾಳ ಮನೆಗೆ ಬಂದವರಿಗೆಲ್ಲ ಮೊದಲು ಇಸಾರಿಯೋನಳ ದರ್ಶನ. "ಒಳಗಡೆ ಗಣಿಯ ಪಚ್ಚೆ ಇದೆ. ಹತ್ತಿರ ನಿಂತ್ಕೊಳ್ಳಿ, ತಣ್ಣಗಾಗುತ್ತೆ" ಎನ್ನುತ್ತಿದ್ದಳು. ಬಂದವರು ನಿಲ್ಲುತ್ತಿದ್ದರು. ತಣ್ಣಗಾಗುತ್ತದೆ ಎಂದು ಒಪ್ಪಿಕೊಳ್ಳುತ್ತಿದ್ದರು ಕೂಡ. ಸತಾಬೂಸ್ ಕಣಜದಿಂದ ನೇರವಾಗಿ ಬೀಗರ ಮನೆಗೇ ಹೋಗಿ ಅಮ್ಮನ ಪಕ್ಕ ಕೂತು ಕಲ್ಲಿನ ಲೆಕ್ಕ ಒಪ್ಪಿಸಿ, ಮಗಳು ಬಡಿಸಿದ್ದನ್ನು ತಿಂದು, ಹೊತ್ತು ಮುಳುಗಿದ ಮೇಲೆ ಮನೆಗೆ ಬರುತ್ತಿದ್ದ. ಹೆರೋನನಿಗೆ ಉಸಿರಾಡಲು ಪುರುಸೊತ್ತಿಲ್ಲ. ಊರಿನ ಹೆಂಗಸರಿಗೆಲ್ಲ ಪಚ್ಚೆಯೇ ಬೇಕು. ಈರುಳ್ಳಿ ಮಾರುವವಳೂ ಮೂರೆಳೆ ಬರೆಸಿಕೊಂಡಳು. "ಮುಂದೆ ಎಂದಾದ್ರೂ ಯಾರಾದ್ರೂ ಈ ಹಲಗೆಗಳನ್ನ ಅಗೆದು ನೋಡಿದ್ರೆ, ಕರಾನಿಸ್‌ನಲ್ಲಿ ಜನ ಪಚ್ಚೆ ಬೇಯಿಸ್ಕೊಂಡು ತಿಂತಿದ್ರು ಅಂದ್ಕೋತಾರೆ" ಎಂದು ಅವನು ಹಸಿರು ಅರೆಯುತ್ತ ನಗುತ್ತಿದ್ದ.

ಹೀಗಿರುವಾಗ ಹಬ್ಬಕ್ಕೆಂದು ತಮೀಸ್ತಾ ಬೀಗರ ಮನೆಗೆ ಹೋದಳು. ಹೊಸಲು ದಾಟುವಾಗ ಹಣೆಗೆ ಏನೋ ತಾಗಿತು. ವಲೇರಿಯಾಳ ಹೊಸ ಚಿತ್ರ. ಕೊರಳಲ್ಲಿ ಹೆಣೆದ ಬಂಗಾರ, ಚೌಕ ಪಚ್ಚೆ, ನಡುವೆ ಮುತ್ತು, ಎದೆಯ ಮೇಲೆ ನೇರಳೆ ಹರಳು.

"ಅಯ್ಯೋ, ನನ್ನ ಸರ!" ಎಂದು ಕೂಗಿಬಿಟ್ಟಳು ತಮೀಸ್ತಾ. ಕೂಗಿನಲ್ಲಿ ಒಂದಿಷ್ಟೂ ನಾಟಕವಿರಲಿಲ್ಲ. ಇಷ್ಟು ದಿನದಲ್ಲಿ ಅತ್ತೆಯ ಕೈ ತನ್ನ ಕೈ ಹಿಡಿದದ್ದು, ತಾನು ಸರವನ್ನು ಬಿಚ್ಚಿ ಕೊಟ್ಟದ್ದು, ಆಗ ಕೊಂಡಿ ಕೂದಲಿಗೆ ಸಿಕ್ಕಿಕೊಂಡದ್ದು, ಎಲ್ಲ ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು.

"ನಿಮ್ಮದಾಗಿತ್ತು," ಎಂದಳು ವಲೇರಿಯಾ. "ಈಗ ಈ ಮನೇದು. ನಾನೇ ಹೇಳಿ ಕಳಿಸೋಣ ಅಂತಿದ್ದೆ. ನಿಮ್ಮ ಗೋಡೆ ಮೇಲೆ ಅದು ಇನ್ನೂ ಹಂಗೇ ಇದೆಯಂತಲ್ಲ. ನೋಡಿದ ಜನ ಏನಂತಾರೆ? ಬಳುವಳಿ ಕೊಟ್ಟ ಹಾಗೆ ಮಾಡಿ ಇಟ್ಕೊಂಡಿದ್ದಾರೆ ಅನ್ನಲ್ವಾ? ಒಂದು ಸರ ಎರಡು ಕೊರಳಲ್ಲಿ ಹೆಂಗಿರುತ್ತೆ ಬೀಗಿತ್ತೇರೆ? ಅಳಿಸಿಬಿಡಿ."

ನಿಜ ತಮೀಸ್ತಾಳ ನಾಲಗೆಯ ತುದಿಯವರೆಗೂ ಬಂತು. ಒಳಮನೆಯ ಬಾಗಿಲಲ್ಲಿ ಮಗಳು ನಿಂತಿದ್ದಳು, ನಾಲ್ಕು ತಿಂಗಳ ಬಸುರಿ. ಎರಡೂ ಕೈ ಜೋಡಿಸಿ, ಬೇಡ ಎಂದು ತಲೆಯಾಡಿಸುತ್ತಿದ್ದಳು. ಅವಳ ಹಿಂದೆ ಗೋಡೆಗೊರಗಿ ಅತ್ತೆ ನಿಂತಿದ್ದಳು. ಹೇಳು ನೋಡೋಣ ಎನ್ನುವಂತಿತ್ತು ಆ ಕಣ್ಣು.

"ಆಯ್ತು" ಎಂದಳು ತಮೀಸ್ತಾ.

ಹೆರೋನ್ ಬಿಸಿ ಮಾಡಿದ ಕರಣೆ ಹಿಡಿದು ಬಂದ. ಒಂದೊಂದು ಪಚ್ಚೆಯನ್ನು ಕೆರೆದಾಗಲೂ ತಮೀಸ್ತಾ ತನ್ನ ಕೊರಳನ್ನು ಮುಟ್ಟಿಕೊಳ್ಳುತ್ತಿದ್ದಳು.

"ಮೆಲ್ಲಗೆ ಕಣೋ! ನಮ್ಮಮ್ಮ ಕೊಟ್ಟಿದ್ದು ಅದು!"

ಹೆರೋನ್ ಕೈ ನಿಲ್ಲಿಸಿ ಅವಳ ಮುಖ ನೋಡಿದ. ಅವಳು ತಮಾಷೆ ಮಾಡುತ್ತಿರಲಿಲ್ಲ. "ಒಳ್ಳೆ ಕೈ ಅಮ್ಮಾವ್ರೇ ನಿಮ್ಮಮ್ಮನದು" ಎಂದಷ್ಟೇ ಹೇಳಿ ಕೆರೆಯತೊಡಗಿದ. ಕೆರೆದ ರೇಕನ್ನು ಯಾರಿಗೂ ಕಾಣದಂತೆ ಚೀಲಕ್ಕೆ ಹಾಕಿಕೊಂಡ. ವಲೇರಿಯಾ ತನ್ನ ಚಿತ್ರಕ್ಕೆ ಇನ್ನೊಂದೆಳೆ ಸೇರಿಸಲು ಹೇಳಿದ್ದಳು. ಖಾಲಿಯಾದ ಕೊರಳಿಗೆ ಚರ್ಮದ ಬಣ್ಣ ಬಳಿದ. ತೀರ ಬೋಳಾಗಿ ಕಂಡಿತು. ಬೇಕಾದರೆ ಒಂದು ಕರಿದಾರ ಬರೆಯುತ್ತೇನೆ, ಅದಕ್ಕೇನೂ ಕೊಡಬೇಕಾಗಿಲ್ಲ ಎಂದ. ತಮೀಸ್ತಾ, ಏನಾದರೂ ಮಾಡು ಎಂದು ಕೈ ಬೀಸಿದಳು.

ಅಂದು ಕಣಜದಲ್ಲಿ ತಡವಾಗಿ, ಸತಾಬೂಸ್ ಬೀಗರ ಮನೆಗೆ ಹೋಗದೆ ಹೊತ್ತು ಮುಳುಗಿದ ಮೇಲೆ ನೇರವಾಗಿ ಮನೆಗೇ ಬಂದ. ಹೊಸಲು ದಾಟುವಾಗ ಹಣೆಗೆ ಚಿತ್ರ ತಾಗಿತು. ದೀಪದ ಬೆಳಕಿನಲ್ಲಿ ತಲೆಯೆತ್ತಿ ನೋಡಿದ. ಬೋಳು ಕೊರಳು, ಕರಿದಾರ. ಅವನ ಮುಖ ಅರಳಿತು. ಅಲ್ಲೇ ನೆಲದ ಮೇಲೆ ಕೂತು, ಒಳಗಿದ್ದ ಹೆಂಡತಿಗೆ ಕೇಳುವಂತೆ ಕೂಗಿದ:

"ಏನೇ ಇವಳೇ, ಅಮ್ಮನ್ನ ಯಾವಾಗ ವಾಪಸ್ ಕರ್ಕೊಂಡು ಬಂದೆ?"